ಮಕ್ಕಳ ರಿಮೋಟ್ ಕಾಳಗದ ರೋಬೋಟ್: ಆಯ್ಕೆಯಿಂದ ಅಖಾಡದವರೆಗೆ ಸಮಗ್ರ ಮಾರ್ಗದರ್ಶಿ

ರಿಮೋಟ್ ಹಿಡಿದು ಗುದ್ದಾಡಿಸುವ ರೋಬೋಟ್ ಹೆಸರಿಗೆ ಆಟಿಕೆಯಾದರೂ, ಅದರ ಹೊಟ್ಟೆಯೊಳಗೆ ಮೋಟಾರು, ಗೇರು, ಸಂಕೇತ ಹಿಡಿಯುವ ರೇಡಿಯೋ ಗ್ರಾಹಕ (ರಿಸೀವರ್), ಬ್ಯಾಟರಿ ಎಲ್ಲವೂ ಸೇರಿದ ಒಂದು ಪುಟ್ಟ ಯಂತ್ರವೇ ಇರುತ್ತದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಎರಡನ್ನೂ ಎದುರುಬದುರು ನಿಲ್ಲಿಸಿ ಕಾಳಗಕ್ಕೆ ಬಿಟ್ಟರೆ, ಕೆಲವೇ ದಿನಗಳಲ್ಲಿ ಒಂದರ ತೋಳು ಸಡಿಲಗೊಂಡು, ಇನ್ನೊಂದರ ಬ್ಯಾಟರಿ ಸೋತು, ಎರಡೂ ಮಂಚದ ಕೆಳಗೆ ಸೇರುವುದು ಸಾಮಾನ್ಯ. ಈ ಆಟಿಕೆಯನ್ನು ಮಕ್ಕಳಿಗೆ ಕೊಡಿಸುವ ಹಾಗೂ ಅವರ ಜೊತೆ ಕುಳಿತು ಆಡಿಸುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು, ಕೊಳ್ಳುವ ಹಂತದಿಂದ ಬ್ಯಾಟರಿಯನ್ನು ವಿಲೇವಾರಿ ಮಾಡುವ ಹಂತದವರೆಗಿನ ಕೆಲಸಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಕಾಳಗದ ರೋಬೋಟಿನಲ್ಲಿ ಆಯುಧಕ್ಕಿಂತ ಓಡಿಸುವ ಕೈ ಮುಖ್ಯವೆಂಬುದು ಈ ಬರಹದ ನಿಲುವು. ಆದ್ದರಿಂದಲೇ ಚಾಲನೆಯ ಅಭ್ಯಾಸಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ಹೆಜ್ಜೆ 1: ಯಾವ ಬಗೆಯ ರೋಬೋಟ್ ಬೇಕೆಂದು ನಿರ್ಧರಿಸುವುದು

ಸಾಮಾನ್ಯವಾಗಿ ಸಿಗುವ ಕಾಳಗದ ಆಟಿಕೆಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ಮುಷ್ಟಿಯುದ್ಧದ ರೋಬೋಟ್. ಇದಕ್ಕೆ ಮನುಷ್ಯಾಕಾರದ ಮೈ, ಬೀಸುವ ಎರಡು ತೋಳು, ಕಾಲಿನ ಜಾಗದಲ್ಲಿ ಚಕ್ರಗಳು ಇರುತ್ತವೆ. ಎದೆಯ ಮೇಲೋ ಬೆನ್ನಿನ ಮೇಲೋ ಇರುವ ಗುಂಡಿಗೆ ಪೆಟ್ಟು ಬಿದ್ದರೆ ತಲೆ ಮೇಲಕ್ಕೆ ಚಿಮ್ಮುತ್ತದೆ, ಇಲ್ಲವೇ ದೀಪವೊಂದು ಆರಿ ಅಂಕ ಕಳೆಯುತ್ತದೆ. ಎರಡನೆಯ ಬಗೆಯಲ್ಲಿ ರೋಬೋಟ್‌ಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಟಿವಿ ರಿಮೋಟ್ ಬಳಸುವಂಥದೇ, ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣವನ್ನು ಒಂದು ರೋಬೋಟ್ ಹಾರಿಸುತ್ತದೆ, ಎದುರಾಳಿಯ ಮೈಮೇಲಿನ ಸಂವೇದಕ ಅದನ್ನು ಹಿಡಿದು ಪೆಟ್ಟು ಬಿತ್ತೆಂದು ಲೆಕ್ಕ ಹಾಕುತ್ತದೆ. ಮೂರನೆಯದು ತಗ್ಗು ಮೈಯ ತಳ್ಳಾಟದ ರೋಬೋಟ್. ಅದರ ಮುಂಭಾಗದಲ್ಲಿ ಇಳಿಜಾರಾದ ಫಲಕವೋ, ಎದುರಾಳಿಯನ್ನು ಎತ್ತಿ ಮಗುಚುವ ತೋಳೋ ಇರುತ್ತದೆ.

ಚಿಕ್ಕ ಮಕ್ಕಳಿಗೆ ಮೊದಲನೆಯ ಬಗೆ ಬೇಗ ಹಿಡಿಸುತ್ತದೆ, ಏಕೆಂದರೆ ಗೆದ್ದವರು ಯಾರೆಂಬುದು ಕಣ್ಣಿಗೆ ಕಾಣುತ್ತದೆ. ಪೆಟ್ಟಿಲ್ಲದೆ ಸಾಗುವ ಎರಡನೆಯ ಬಗೆ ಹೆಚ್ಚು ಕಾಲ ಬಾಳುತ್ತದೆ. ಆದರೆ ಬಿಸಿಲಿನಲ್ಲಿಯೂ ಅವಗೆಂಪು ಕಿರಣಗಳು ಇರುವುದರಿಂದ ಬಯಲಿನಲ್ಲಿ ಸಂವೇದಕ ಗೊಂದಲಕ್ಕೀಡಾಗಿ, ಹೊಡೆತ ಬಿದ್ದರೂ ಬೀಳದಂತೆ ತೋರುತ್ತದೆ. ಓಡಿಸುವ ಕೌಶಲವನ್ನು ನಿಜವಾಗಿ ಬೆಳೆಸುವುದು ಮೂರನೆಯದು. ಎಂಟು ಒಂಬತ್ತು ವರ್ಷ ದಾಟಿದ ಮಗುವಿಗೆ ಒಂದೇ ಜೋಡಿ ಕೊಡಿಸುವುದಾದರೆ ಇದನ್ನೇ ಆರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ವಿನ್ಯಾಸಕ ಮಾರ್ಕ್ ಥಾರ್ಪ್ ಅವರು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏರ್ಪಡಿಸಿದ ಸ್ಪರ್ಧೆಯ ನಂತರ ಹೆಸರಾದ ದೊಡ್ಡವರ ರೋಬೋಟ್ ಕಾಳಗದಲ್ಲಿ 150 ಗ್ರಾಂ, 454 ಗ್ರಾಂ ತೂಕದ ಪುಟ್ಟ ವರ್ಗಗಳೂ ಇವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿರುವುದರಿಂದ ಅವು ಆಟಿಕೆಯಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ವೇಗವಾಗಿ ತಿರುಗುವ ಲೋಹದ ಅಲಗು ಇರುತ್ತದೆ, ಎಲ್ಲ ಕಡೆಯಿಂದಲೂ ಮುಚ್ಚಿದ ಗಟ್ಟಿ ಪಾರದರ್ಶಕ ಗೂಡಿನೊಳಗಷ್ಟೇ ಅವನ್ನು ಚಾಲೂ ಮಾಡುತ್ತಾರೆ. ತಿರುಗುವ ಲೋಹದ ಭಾಗವಿರುವ ಯಾವ ರೋಬೋಟನ್ನೂ ಮನೆಯ ನೆಲದ ಮೇಲೆ ಮಕ್ಕಳ ಕೈಗೆ ಕೊಡಬಾರದು.

ಬಗೆ ನಿರ್ಧಾರವಾದ ಮೇಲೆ ರೇಡಿಯೋದ ವಿವರವನ್ನು ಓದಬೇಕು. ಹಳೆಯ ಹಾಗೂ ಅಗ್ಗದ ಆಟಿಕೆಗಳು 27 ಅಥವಾ 49 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಒಂದೇ ಆವರ್ತನದ ಎರಡು ಆಟಿಕೆಗಳನ್ನು ಅಕ್ಕಪಕ್ಕ ಆಡಿಸಿದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ರೋಬೋಟ್ ಓಡುವುದುಂಟು. ಕಾಳಗದ ಆಟಕ್ಕೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇಲ್ಲ. 2.4 ಗಿಗಾಹರ್ಟ್ಸ್‌ನ ಆಟಿಕೆಗಳಲ್ಲಿ ಪ್ರತಿ ರಿಮೋಟೂ ತನ್ನ ರೋಬೋಟನ್ನು ಗುರುತು ಹಿಡಿದು ಅದರೊಂದಿಗೆ ಮಾತ್ರ ಸಂಪರ್ಕ ಕಟ್ಟಿಕೊಳ್ಳುವುದರಿಂದ ಹಲವು ಮಕ್ಕಳು ಒಟ್ಟಿಗೆ ಆಡಬಹುದು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದಾಗಲೇ, ಬೇರೆಯವರ ಸಂಕೇತ ನಡುವೆ ಬಂದು ಕೆಡಿಸದಂತೆ ತಡೆಯುವುದು ಹೇಗೆಂಬುದು ಅವರ ಯೋಚನೆಯಲ್ಲಿತ್ತು. ಮಕ್ಕಳ ಆಟಿಕೆಗೂ ಅದೇ ಪ್ರಶ್ನೆ ಬಂದಿದೆ.

ವಯಸ್ಸಿನ ಸೂಚನೆಯನ್ನು ಹಗುರವಾಗಿ ಕಾಣಬಾರದು. ಸಣ್ಣ ಬಿಡಿಭಾಗಗಳಿರುವ ಕಾರಣ ಈ ಆಟಿಕೆಗಳು 3 ವರ್ಷದೊಳಗಿನ ಮಕ್ಕಳಿಗೆ ತಕ್ಕವಲ್ಲ; ಮನೆಯಲ್ಲಿ ಅಷ್ಟು ಚಿಕ್ಕ ಮಗುವಿದ್ದರೆ ಅಣ್ಣನ ಅಥವಾ ಅಕ್ಕನ ರೋಬೋಟ್ ಅದರ ಕೈಗೆಟುಕದ ಜಾಗದಲ್ಲಿರಬೇಕು. ಆಟಿಕೆ ಸುರಕ್ಷತೆಯ ಇಎನ್ 71 ಅಥವಾ ಐಎಸ್ಒ 8124, ವಿದ್ಯುತ್ ಆಟಿಕೆಗಳಿಗಾದ ಐಇಸಿ 62115 ಮುಂತಾದ ಮಾನದಂಡಗಳ ಉಲ್ಲೇಖ ಪೆಟ್ಟಿಗೆಯ ಮೇಲೆ ಇದೆಯೇ ಎಂದು ನೋಡಿ ಕೊಳ್ಳುವುದು ಕ್ಷೇಮ.

ಹೆಜ್ಜೆ 2: ಪೆಟ್ಟಿಗೆ ಬಿಚ್ಚಿ ಪರೀಕ್ಷಿಸುವುದು

ಬ್ಯಾಟರಿ ಹಾಕುವ ಮೊದಲೇ ರೋಬೋಟನ್ನು ಕೈಯಲ್ಲಿ ಹಿಡಿದು ಸುತ್ತಲೂ ನೋಡಬೇಕು. ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಚೂಪು ಉಳಿದಿದ್ದರೆ ಸಣ್ಣ ಮರಳು ಕಾಗದದಿಂದ ಉಜ್ಜಿ ನಯಗೊಳಿಸಬೇಕು, ಮೆಲ್ಲಗೆ ಅಲ್ಲಾಡಿಸಿದಾಗ ಒಳಗೆ ಸಡಿಲ ಭಾಗದ ಸದ್ದು ಬಂದರೆ ಅದನ್ನು ಬಳಸದೆ ಹಿಂದಿರುಗಿಸಬೇಕು. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಭದ್ರಪಡಿಸುವಂಥದಾಗಿರಲಿ. ರಿಮೋಟಿನಲ್ಲಿ ಗುಂಡಿಯಾಕಾರದ ಸೆಲ್ಲು ಇದ್ದರಂತೂ ಇದು ಕಡ್ಡಾಯ: ನುಂಗಿದ ಗುಂಡಿ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಭಾಗವನ್ನು ತೀವ್ರವಾಗಿ ಸುಡಬಲ್ಲದು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಿಸಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಜ್ಜೆ 3: ಬ್ಯಾಟರಿ

ಕಾಳಗದ ರೋಬೋಟಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಬ್ಯಾಟರಿ. ಗೋಡೆ ಗಡಿಯಾರದಲ್ಲಿ ವರ್ಷಗಟ್ಟಲೆ ನಡೆಯುವ ಅಗ್ಗದ ಸತು-ಇಂಗಾಲದ ಸೆಲ್ಲು ಇಲ್ಲಿ ಕೆಲವೇ ನಿಮಿಷಗಳಲ್ಲಿ ಕೈಕೊಡುತ್ತದೆ, ಏಕೆಂದರೆ ಗಡಿಯಾರ ಬೇಡುವುದು ಅತಿ ಕಡಿಮೆ ವಿದ್ಯುತ್ತನ್ನು, ಮೋಟಾರು ಬೇಡುವುದು ಒಮ್ಮೆಲೇ ಬಹಳಷ್ಟನ್ನು. ಆದ್ದರಿಂದ ಎಎ ಸೆಲ್ಲು ಬೇಡುವ ರೋಬೋಟಿಗೆ ಆಲ್ಕಲೈನ್ ಸೆಲ್ಲುಗಳನ್ನೋ, ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನೋ ಹಾಕಬೇಕು. ಎರಡರ ವೋಲ್ಟೇಜಿನಲ್ಲಿ ವ್ಯತ್ಯಾಸವಿದೆ: ಹೊಸ ಆಲ್ಕಲೈನ್ ಸೆಲ್ಲು 1.5 ವೋಲ್ಟ್, ನಿಕಲ್ ಸೆಲ್ಲು 1.2 ವೋಲ್ಟ್. ನಾಲ್ಕು ಸೆಲ್ಲು ಸೇರಿದಾಗ ಮೊದಲನೆಯದು 6, ಎರಡನೆಯದು 4.8 ವೋಲ್ಟ್ ಕೊಡುತ್ತದೆ. ಹಾಗೆಂದು ನಿಕಲ್ ಸೆಲ್ಲು ಕಳಪೆಯೆಂದು ತಿಳಿಯಬಾರದು. ಹೆಚ್ಚು ವಿದ್ಯುತ್ ಎಳೆಯುವಾಗ ಆಲ್ಕಲೈನ್‌ನ ವೋಲ್ಟೇಜು ಬೇಗ ಕುಸಿಯುತ್ತದೆ, ನಿಕಲ್ಲಿನದು ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುತ್ತದೆ. ಕೈಪಿಡಿ ಒಪ್ಪುವುದಾದರೆ ನಿಕಲ್ ಸೆಲ್ಲುಗಳ ಎರಡು ಜೊತೆ ಇಟ್ಟುಕೊಳ್ಳುವುದು ದೀರ್ಘಕಾಲಕ್ಕೆ ಲಾಭ.

ಯಾವುದನ್ನು ಬಳಸಿದರೂ ಹಳೆಯ ಸೆಲ್ಲಿನ ಜೊತೆ ಹೊಸದನ್ನು, ಒಂದು ಬಗೆಯ ಜೊತೆ ಇನ್ನೊಂದು ಬಗೆಯನ್ನು ಬೆರೆಸಬಾರದು. ಇಬ್ಬರ ರೋಬೋಟಿಗೂ ಒಂದೇ ಬಗೆಯ, ಒಂದೇ ಹೊತ್ತಿಗೆ ಚಾರ್ಜ್ ಆದ ಸೆಲ್ಲುಗಳನ್ನೇ ಹಾಕುವುದು ನ್ಯಾಯವೂ ಹೌದು. ಇಲ್ಲದಿದ್ದರೆ ಸೋತ ಮಗುವಿನ ಆಕ್ಷೇಪಕ್ಕೆ ಉತ್ತರವಿರುವುದಿಲ್ಲ.

ಲಿಥಿಯಂ ಬ್ಯಾಟರಿ ಒಳಗೇ ಕೂಡಿಸಿರುವ ರೋಬೋಟ್‌ಗಳಲ್ಲಿ ಶಿಸ್ತು ಇನ್ನಷ್ಟು ಬಿಗಿಯಾಗಿರಬೇಕು. ಹೆಚ್ಚಿನವಲ್ಲಿರುವ ಬ್ಯಾಟರಿಯ ವೋಲ್ಟೇಜು ಸರಾಸರಿ 3.7, ಪೂರ್ತಿ ತುಂಬಿದಾಗ 4.2. ಜೊತೆಯಲ್ಲಿ ಬಂದ ತಂತಿಯಿಂದಲೇ ಚಾರ್ಜ್ ಮಾಡಬೇಕು. ಬೇರೆ ಆಟಿಕೆಯ ಚಾರ್ಜರ್‌ನ ಪಿನ್ನು ಕೂಡುತ್ತದೆಂಬ ಕಾರಣಕ್ಕೆ ಅದನ್ನು ಸಿಕ್ಕಿಸಬಾರದು. ಹಾಸಿಗೆ, ಸೋಫಾ, ಕಾಗದದ ರಾಶಿಯ ಮೇಲಲ್ಲದೆ ಕಲ್ಲಿನ ಅಥವಾ ಟೈಲ್ಸಿನ ನೆಲದ ಮೇಲಿಟ್ಟು, ಹಿರಿಯರು ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಬೇಕು. ಆಟ ಮುಗಿದ ತಕ್ಷಣ ಬ್ಯಾಟರಿ ಬಿಸಿಯಿರುತ್ತದೆ. ಅದು ಆರುವವರೆಗೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಚಾರ್ಜಿಗೆ ಹಾಕಬೇಕು. ಬ್ಯಾಟರಿ ಊದಿಕೊಂಡಿದ್ದರೆ, ಜಜ್ಜಿದ್ದರೆ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ಅದರ ಬಳಕೆ ಅಲ್ಲಿಗೆ ಮುಗಿಯಿತು.

ಹೆಜ್ಜೆ 4: ರಿಮೋಟ್ ಮತ್ತು ರೋಬೋಟನ್ನು ಜೋಡಿಸುವುದು

ರೇಡಿಯೋ ಆಟಿಕೆಗಳಲ್ಲಿ ರೂಢಿಯಲ್ಲಿರುವ ಕ್ರಮವೆಂದರೆ ಮೊದಲು ರಿಮೋಟ್, ಆಮೇಲೆ ರೋಬೋಟ್ ಚಾಲೂ ಮಾಡುವುದು. ನಿಲ್ಲಿಸುವಾಗ ಮೊದಲು ರೋಬೋಟ್, ಆಮೇಲೆ ರಿಮೋಟ್. ಸಂಕೇತ ಕೊಡುವವರಿಲ್ಲದೆ ರೋಬೋಟ್ ಎಚ್ಚರವಾಗಿರುವ ಸಂದರ್ಭವೇ ಬರಬಾರದೆಂಬುದು ಇದರ ಉದ್ದೇಶ. ಕೆಲವು ಆಟಿಕೆಗಳ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಬೇಕು. ಒಂದು ಜೋಡಿಯ ದೀಪ ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾದ ಮೇಲಷ್ಟೇ ಇನ್ನೊಂದು ಜೋಡಿಯನ್ನು ಚಾಲೂ ಮಾಡಬೇಕು. ಎರಡನ್ನೂ ಒಟ್ಟಿಗೆ ಹಚ್ಚಿದರೆ ಅದಲುಬದಲಾಗಬಹುದು.

ಜೋಡಣೆಯಾದ ನಂತರ ರೋಬೋಟನ್ನು ಒಂದು ಪುಟ್ಟ ಡಬ್ಬಿಯ ಮೇಲೆ ಕೂರಿಸಿ, ಚಕ್ರಗಳು ಗಾಳಿಯಲ್ಲಿ ತಿರುಗುವಂತೆ ಮಾಡಿ, ಪ್ರತಿ ಗುಂಡಿಯನ್ನೂ ಒತ್ತಿ ನೋಡಬೇಕು. ಕೊನೆಗೆ, ಚಕ್ರ ತಿರುಗುತ್ತಿರುವಾಗಲೇ ರಿಮೋಟಿನ ಸ್ವಿಚ್ಚನ್ನು ಆರಿಸಬೇಕು. ಸಂಕೇತ ಕಡಿದೊಡನೆ ಚಕ್ರ ತಾನಾಗಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಆ ರೋಬೋಟ್ ಮಕ್ಕಳ ಕೈಗೆ ಯೋಗ್ಯವಲ್ಲ.

ಹೆಜ್ಜೆ 5: ಕಾಳಗಕ್ಕೆ ಮೊದಲು ಚಾಲನೆ

ಇಂಥ ಬಹುತೇಕ ರೋಬೋಟ್‌ಗಳಿಗೆ ಕಾರಿನಂತೆ ತಿರುಗುವ ಮುಂಚಕ್ರ ಇರುವುದಿಲ್ಲ. ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಮೋಟಾರುಗಳಿರುತ್ತವೆ. ಎರಡೂ ಸಮನಾಗಿ ಮುಂದೆ ತಿರುಗಿದರೆ ರೋಬೋಟ್ ನೇರ ಹೋಗುತ್ತದೆ. ಒಂದು ನಿಂತು ಇನ್ನೊಂದು ತಿರುಗಿದರೆ ನಿಂತ ಚಕ್ರದ ಕಡೆಗೆ ಬಾಗುತ್ತದೆ. ಒಂದು ಮುಂದೆ, ಮತ್ತೊಂದು ಹಿಂದೆ ತಿರುಗಿದರೆ ನಿಂತ ಜಾಗದಲ್ಲೇ ಗಿರಕಿ ಹೊಡೆಯುತ್ತದೆ. ಈ ಮೂರು ಚಲನೆಗಳ ಕಾರಣವನ್ನು ಮಗುವಿಗೆ ಚಕ್ರ ತೋರಿಸಿ ವಿವರಿಸಿದರೆ, ಜಾಯ್‌ಸ್ಟಿಕ್ಕನ್ನು ಗೊತ್ತುಗುರಿಯಿಲ್ಲದೆ ಎಳೆದಾಡುವ ಚಾಳಿ ಬೇಗ ತಪ್ಪುತ್ತದೆ.

ಅಭ್ಯಾಸವನ್ನು ನಿಲ್ಲಿಸುವುದರಿಂದ ಆರಂಭಿಸಬೇಕು. ನೆಲದ ಮೇಲೆ ಬಣ್ಣದ ಟೇಪಿನಿಂದ ಒಂದು ಗೆರೆ ಎಳೆದು, ದೂರದಿಂದ ಬಂದ ರೋಬೋಟ್ ಗೆರೆಯನ್ನು ಮುಟ್ಟದೆ ಅದರ ಅಂಚಿನಲ್ಲಿ ನಿಲ್ಲಬೇಕೆಂದು ಹೇಳಿದರೆ ಸಾಕು. ಗುಂಡಿ ಬಿಟ್ಟ ಮೇಲೂ ರೋಬೋಟ್ ಸ್ವಲ್ಪ ಜಾರುತ್ತದೆಂಬುದು ಮಗುವಿನ ಕೈಗೆ ತಾನಾಗಿ ತಿಳಿಯುತ್ತದೆ. ವೇಗ ಬದಲಿಸುವ ಸ್ವಿಚ್ಚಿದ್ದರೆ ಈ ಹಂತವೆಲ್ಲ ಕಡಿಮೆ ವೇಗದಲ್ಲೇ ನಡೆಯಲಿ.

ಅದರ ನಂತರ ನಾಲ್ಕೈದು ಖಾಲಿ ಬಾಟಲಿಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಾವಿನ ಹಾದಿಯಲ್ಲಿ ಸಾಗಿಸುವುದು, ಎರಡು ಬಾಟಲಿಗಳ ಸುತ್ತ ಇಂಗ್ಲಿಷಿನ 8ರ ಆಕಾರದಲ್ಲಿ ಓಡಿಸುವುದು. ಇಲ್ಲಿಯೇ ಎಲ್ಲ ಮಕ್ಕಳೂ ಎಡವುವ ಒಂದು ಘಟ್ಟ ಬರುತ್ತದೆ: ರೋಬೋಟ್ ಓಡಿಸುವವರ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಗಾಬರಿಯಲ್ಲಿ ಎಡಕ್ಕೆ ತಿರುಗಿಸಬೇಕಾದವರು ಬಲಕ್ಕೆ ತಿರುಗಿಸಿ ಸೀದಾ ಗೋಡೆಗೆ ಗುದ್ದಿಸುತ್ತಾರೆ. ರೋಬೋಟಿನ ಬೆನ್ನಿನ ಮೇಲೆ ಮಗುವೇ ಕುಳಿತಿರುವಂತೆ ಭಾವಿಸಿಕೊಳ್ಳಲು ಹೇಳುವುದು ಒಳ್ಳೆಯ ಉಪಾಯ. ಮೊದಮೊದಲು ರೋಬೋಟ್ ತಿರುಗಿದತ್ತ ಮಗು ತಾನೂ ಮೈ ತಿರುಗಿಸಿ ನಿಂತರೂ ಅಡ್ಡಿಯಿಲ್ಲ. ಎದುರಿಗೆ ಬರುವ ರೋಬೋಟನ್ನು ತಡವರಿಸದೆ ತಿರುಗಿಸಬಲ್ಲ ಮಗು ಅರ್ಧ ಕಾಳಗ ಗೆದ್ದಂತೆಯೇ.

ಕೊನೆಯ ಅಭ್ಯಾಸಕ್ಕೆ ಒಂದು ಹಗುರ ಚೆಂಡು ಬೇಕು. ಅದನ್ನು ರೋಬೋಟಿನಿಂದ ತಳ್ಳಿ ಗುರುತು ಮಾಡಿದ ಚೌಕದೊಳಗೆ ಸೇರಿಸಬೇಕು. ಚೆಂಡು ಪಕ್ಕಕ್ಕೆ ಜಾರುವುದರಿಂದ ಪದೇ ಪದೇ ಸುತ್ತು ಹಾಕಿ ಅದರ ಹಿಂದೆ ಬರಬೇಕಾಗುತ್ತದೆ, ಕಾಳಗದಲ್ಲಿ ಎದುರಾಳಿಯ ಬೆನ್ನಿಗೆ ಬರುವುದೂ ಇದೇ ಕೌಶಲ. ತೋಳು ಬೀಸುವ ಗುಂಡಿಯನ್ನು ಇಲ್ಲಿಯವರೆಗೆ ಮುಟ್ಟಬೇಕಾದ ಅಗತ್ಯವೇ ಬರುವುದಿಲ್ಲ.

ಹೆಜ್ಜೆ 6: ಅಖಾಡ ಕಟ್ಟುವುದು

ಮೇಜಿನ ಮೇಲೆ ಕಾಳಗ ಬೇಡ. ಒಮ್ಮೆ ಉರುಳಿ ಬಿದ್ದರೆ ಅಷ್ಟು ಎತ್ತರದಿಂದ ಬಿದ್ದ ಏಟಿನಿಂದ ಗೇರುಪೆಟ್ಟಿಗೆ ಬಿರುಕು ಬಿಡಬಹುದು. ನೆಲದ ಮೇಲೆ ಸುಮಾರು 1 ಮೀಟರ್ ಉದ್ದಗಲದ ಚೌಕ ಸಾಕು. ಸುತ್ತಲೂ 10 ಸೆಂಟಿಮೀಟರ್ ಎತ್ತರಕ್ಕೆ ದಪ್ಪ ರಟ್ಟನ್ನೋ ತೆಳು ಪ್ಲೈವುಡ್ಡನ್ನೋ ನಿಲ್ಲಿಸಿ, ಮೂಲೆಗಳನ್ನು ಅಗಲ ಟೇಪಿನಿಂದ ಹೊರಗಡೆಯಿಂದ ಬಿಗಿಯಬೇಕು. ತೀರಾ ನುಣುಪಾದ ನೆಲದಲ್ಲಿ ಚಕ್ರ ಜಾರುತ್ತದೆ, ಕಂಬಳಿಯಂಥ ಹಾಸಿನಲ್ಲಿ ನೂಲು ಸುತ್ತಿಕೊಳ್ಳುತ್ತದೆ, ಮೆತ್ತನೆಯ ಫೋಮ್ ಹಾಸಿನಲ್ಲಿ ತಗ್ಗು ಮೈಯ ರೋಬೋಟಿನ ಮುಂಫಲಕ ಕಚ್ಚಿಕೊಂಡು ನಿಲ್ಲುತ್ತದೆ. ಸ್ವಲ್ಪ ತರಿಯಿರುವ ಗಟ್ಟಿ ಪ್ಲೈವುಡ್ ಹಲಗೆ ಎಲ್ಲಕ್ಕಿಂತ ಚೆನ್ನ.

ಮಕ್ಕಳು ಅಖಾಡದಿಂದ ಒಂದು ಹೆಜ್ಜೆ ಹಿಂದೆ, ಎದುರುಬದುರು ಕುಳಿತರೆ ಇಬ್ಬರಿಗೂ ನೋಟ ಸಮನಾಗಿರುತ್ತದೆ. ಉದ್ದ ಕೂದಲನ್ನು ಕಟ್ಟಿಕೊಂಡಿರಬೇಕು. ಮುಖವನ್ನು ಅಖಾಡದ ಮೇಲೆ ಬಾಗಿಸಬಾರದು. ತೋಳು ಬೀಸುವ ರೋಬೋಟ್‌ಗಳಿಂದ ಪ್ಲಾಸ್ಟಿಕ್ ಚೂರು ಸಿಡಿಯುವ ಸಾಧ್ಯತೆ ಕಡಿಮೆಯಾದರೂ ಇಲ್ಲದಿಲ್ಲ, ಹಾಗಾಗಿ ಹತ್ತಿರ ಕೂರುವವರಿಗೆ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕ ಹಾಕಿಸುವುದು ಅತಿಯೆನಿಸದು.

ಹೆಜ್ಜೆ 7: ನಿಯಮಗಳು

ನಿಯಮಗಳನ್ನು ಕಾಳಗಕ್ಕೆ ಮೊದಲೇ ಒಪ್ಪಿಕೊಂಡು ಒಂದು ಹಾಳೆಯಲ್ಲಿ ಬರೆದಿಡಬೇಕು. ಒಂದು ಸುತ್ತಿಗೆ 2 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಮೋಟಾರು ಬಿಸಿಯಾಗುತ್ತದೆ, ಮಕ್ಕಳ ಗಮನವೂ ಚದುರುತ್ತದೆ. ಮಗುಚಿ ಬಿದ್ದ ಅಥವಾ ಕದಲದ ರೋಬೋಟಿಗೆ ಹತ್ತು ಎಣಿಸಿ, ಅಷ್ಟರಲ್ಲಿ ಚಲಿಸದಿದ್ದರೆ ಸೋಲೆಂದು ಸಾರಬೇಕು. ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿದವರು ಹತ್ತು ಎಣಿಸುವುದರೊಳಗೆ ಹಿಂದೆ ಸರಿದು ಬಿಡಬೇಕು. ಸುತ್ತು ನಡೆಯುವಾಗ ಅಖಾಡದೊಳಗೆ ಕೈ ಹಾಕುವಂತಿಲ್ಲ. ಕೈ ಹಾಕಲೇಬೇಕಾದರೆ ಇಬ್ಬರೂ ರಿಮೋಟ್‌ಗಳನ್ನು ನೆಲಕ್ಕಿಟ್ಟು ಕೈ ಮೇಲೆತ್ತಬೇಕು, ಆಮೇಲೆ ಹಿರಿಯರೊಬ್ಬರು ರೋಬೋಟಿನ ಸ್ವಿಚ್ಚು ಆರಿಸಬೇಕು. ಈ ಕೊನೆಯ ನಿಯಮಕ್ಕೆ ವಿನಾಯಿತಿ ಕೊಡಬಾರದು.

ಎರಡು ರೋಬೋಟ್‌ಗಳು ಒಂದೇ ಮಾದರಿಯವಾದರೂ ಒಂದು ಕೊಂಚ ಚುರುಕಾಗಿರುವುದುಂಟು. ಪ್ರತಿ ಸುತ್ತಿನ ನಂತರ ರಿಮೋಟ್‌ಗಳನ್ನು ಅದಲುಬದಲು ಮಾಡಿಸಿದರೆ ಗೆಲುವು ಯಂತ್ರದ್ದೋ ಕೈಯದ್ದೋ ಎಂಬ ಜಗಳ ಹುಟ್ಟುವುದೇ ಇಲ್ಲ.

ಹೆಜ್ಜೆ 8: ಕಾಳಗದ ಪಟ್ಟುಗಳು

ನೇರ ನುಗ್ಗಿ ಡಿಕ್ಕಿ ಹೊಡೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಹೆಚ್ಚು ಪ್ರಯೋಜನವಿಲ್ಲದ ದಾರಿಯೂ ಅದೇ. ಮುಖಾಮುಖಿಯಾದಾಗ ಎರಡರ ಬಲವೂ ಸಮನಾಗಿ ನಿಂತುಬಿಡುತ್ತದೆ. ತನ್ನ ಮೂತಿ ಸದಾ ಎದುರಾಳಿಯ ಕಡೆಗಿರುವಂತೆ ನೋಡಿಕೊಂಡು, ಅದು ನುಗ್ಗಿದಾಗ ಅರ್ಧ ಸುತ್ತು ಪಕ್ಕಕ್ಕೆ ಸರಿದು, ಅದರ ಪಕ್ಕೆಗೆ ಹೊಡೆಯುವುದು ಒಳ್ಳೆಯ ಪಟ್ಟು. ಚಕ್ರಗಳು ಪಕ್ಕಕ್ಕೆ ಉರುಳಲಾರವಾದ್ದರಿಂದ ಅಡ್ಡದಿಂದ ಬಂದ ತಳ್ಳುವಿಕೆಯನ್ನು ಎದುರಾಳಿ ತನ್ನ ಮೋಟಾರಿನ ಬಲದಿಂದ ಎದುರಿಸಲಾರದು, ಟೈರಿನ ಹಿಡಿತವೊಂದೇ ಅದಕ್ಕೆ ಆಸರೆ. ಎತ್ತರದ ಮುಷ್ಟಿ ರೋಬೋಟ್‌ಗಳ ಗುರುತ್ವಕೇಂದ್ರ ಮೇಲಿರುವುದರಿಂದ ಅವು ವೇಗವಾಗಿ ತಿರುಗುವ ಕ್ಷಣದಲ್ಲೇ ಉರುಳುವ ಸಂಭವ ಹೆಚ್ಚು. ಆ ಕ್ಷಣಕ್ಕಾಗಿ ಕಾಯುವ ತಾಳ್ಮೆ ಬೇಕು. ಇಳಿಜಾರು ಫಲಕದ ರೋಬೋಟ್‌ಗಳಲ್ಲಿ ಯಾರ ಅಂಚು ನೆಲಕ್ಕೆ ಹೆಚ್ಚು ಹತ್ತಿರವೋ ಅದು ಇನ್ನೊಂದರ ಕೆಳಗೆ ನುಸುಳುತ್ತದೆ.

ತಡೆದು ನಿಂತ ಎದುರಾಳಿಯನ್ನು ಪೂರ್ತಿ ಬಲದಿಂದ ತಳ್ಳುತ್ತಲೇ ಇರುವ ಚಟವನ್ನು ಮಾತ್ರ ಆರಂಭದಲ್ಲೇ ಬಿಡಿಸಬೇಕು. ಮೋಟಾರು ತಿರುಗದೆ ತಡೆದು ನಿಂತಾಗಲೇ ಅದು ಅತಿ ಹೆಚ್ಚು ವಿದ್ಯುತ್ ಎಳೆಯುತ್ತದೆ. ಆ ಶಕ್ತಿಯೆಲ್ಲ ಶಾಖವಾಗಿ ಸುರುಳಿಯನ್ನು ಸುಡುತ್ತದೆ. ಸುಟ್ಟ ವಾಸನೆ ಬಂದರೆ ಸುತ್ತನ್ನು ಅಲ್ಲಿಗೇ ನಿಲ್ಲಿಸಬೇಕು.

ಹೆಜ್ಜೆ 9: ಆಟದ ನಂತರದ ಆರೈಕೆ

ಸ್ವಿಚ್ಚು ಆರಿಸಿ, ಬಿಸಿ ಇಳಿದ ಮೇಲೆ ರೋಬೋಟನ್ನು ಮಗುಚಿ ಚಕ್ರದ ಅಚ್ಚುಗಳನ್ನು ನೋಡಬೇಕು. ನೆಲದ ಕೂದಲು, ನೂಲು ಅಲ್ಲಿ ಸುತ್ತಿಕೊಂಡಿರುತ್ತದೆ. ಚಿಮ್ಮಟದಿಂದ ಎಳೆದು ತೆಗೆಯಬೇಕು. ಟೈರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಳೆದುಹೋದ ಹಿಡಿತ ಮರಳುತ್ತದೆ. ಪೆಟ್ಟಿನ ಕಂಪನಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ, ಅವನ್ನು ಬಿಗಿಮಾಡುವಾಗ ಒಂದು ಜಾಣ್ಮೆಯಿದೆ: ಮೊದಲು ಸ್ಕ್ರೂವನ್ನು ನಿಧಾನವಾಗಿ ಹಿಮ್ಮುಖ ತಿರುಗಿಸಿ, ಅದು ತನ್ನ ಹಳೆಯ ಮರೆಗೆ (ತೂತಿನೊಳಗೆ ಸ್ಕ್ರೂ ಕೊರೆದ ಸುರುಳಿ ಗೀರಿಗೆ) ಟಕ್ಕೆಂದು ಕೂತ ಮೇಲೆ ಮುಂದಕ್ಕೆ ತಿರುಗಿಸಬೇಕು. ಹೀಗೆ ಮಾಡದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆದು, ಕೆಲವೇ ಸಲಕ್ಕೆ ತೂತು ಸವೆಯುತ್ತದೆ. ಗೇರುಗಳಿಗೆ ಅಡುಗೆ ಎಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡದೆ, ಪ್ಲಾಸ್ಟಿಕ್ಕಿಗೆ ಹೊಂದುವ ಸಿಲಿಕೋನ್ ಗ್ರೀಸನ್ನು ಕಡ್ಡಿಯ ತುದಿಯಷ್ಟು ಹಚ್ಚಬೇಕು. ಮುಚ್ಚಳ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಯಾವ ತಂತಿ ಎಲ್ಲಿ ಹಾದಿತ್ತೆಂಬ ತಲೆನೋವಿಲ್ಲ.

ಹೆಜ್ಜೆ 10: ಕೆಟ್ಟಾಗ ಹುಡುಕುವ ಕ್ರಮ

ನೇರ ಬಿಟ್ಟರೂ ರೋಬೋಟ್ ಒಂದೇ ಕಡೆಗೆ ಎಳೆಯುತ್ತಿದ್ದರೆ ಆ ಕಡೆಯ ಚಕ್ರ ನಿಧಾನವಾಗಿದೆಯೆಂದು ಅರ್ಥ. ಮೊದಲು ಅಚ್ಚಿನಲ್ಲಿ ಕೂದಲು ಹುಡುಕಿ, ಅದು ಸ್ವಚ್ಛವಿದ್ದರೆ ಮಾತ್ರ ರಿಮೋಟಿನಲ್ಲಿ ಓಟವನ್ನು ನೇರವಾಗಿಸುವ ಟ್ರಿಮ್ ಗುಂಡಿಯನ್ನು ತಿರುಗಿಸಬೇಕು. ಚಕ್ರ ನಿಂತು ಮೋಟಾರಿನ ಸದ್ದು ಮಾತ್ರ ಕೇಳಿದರೆ ಗೇರಿನ ಹಲ್ಲು ಮುರಿದಿರಬಹುದು ಅಥವಾ ಗೇರು ಅಚ್ಚಿನ ಮೇಲೆ ಜಾರುತ್ತಿರಬಹುದು. ಖಾಲಿ ನೆಲದಲ್ಲಿ ಚೆನ್ನಾಗಿ ಓಡಿ, ಜೋರಾಗಿ ತಳ್ಳುವಾಗ ಮಾತ್ರ ಒಮ್ಮೆಲೇ ಸತ್ತಂತಾಗಿ ಮತ್ತೆ ಎಚ್ಚರಗೊಳ್ಳುವ ರೋಬೋಟ್ ಹಲವರನ್ನು ದಾರಿತಪ್ಪಿಸುತ್ತದೆ. ರೇಡಿಯೋ ಕೆಟ್ಟಿದೆಯೆಂದು ಅವರು ಭಾವಿಸುತ್ತಾರೆ. ನಿಜದಲ್ಲಿ, ದಣಿದ ಬ್ಯಾಟರಿಯ ವೋಲ್ಟೇಜು ಮೋಟಾರಿನ ಸೆಳೆತಕ್ಕೆ ಕುಸಿದಾಗ ರೇಡಿಯೋ ಗ್ರಾಹಕ ಆರಿ ಮತ್ತೆ ಹೊತ್ತಿಕೊಳ್ಳುತ್ತಿರುತ್ತದೆ. ಸೆಲ್ಲು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದೂರ ಹೋದಂತೆ ಸಂಕೇತ ಕಡಿಯುತ್ತಿದ್ದರೆ ಮೊದಲು ನೋಡಬೇಕಾದದ್ದು ರಿಮೋಟಿನ ಸೆಲ್ಲುಗಳನ್ನು.

ಸೆಲ್ಲಿನ ಗೂಡಿನಲ್ಲಿ ಬಿಳಿ ಹುಡಿ ಕಂಡರೆ ಆಲ್ಕಲೈನ್ ಸೆಲ್ಲು ಸೋರಿದೆ. ಅದು ಚರ್ಮವನ್ನು ಸುಡುವ ಕ್ಷಾರವಾದ್ದರಿಂದ ಹಿರಿಯರೇ ಕೈಗವಸು ಹಾಕಿಕೊಂಡು, ಸೆಲ್ಲುಗಳನ್ನು ತೆಗೆದು, ಹತ್ತಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಲೋಹದ ತುದಿಗಳನ್ನು ಒರೆಸಿ, ಆಮೇಲೆ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು.

ಕೆಲವು ವಾರ ಆಡುವುದಿಲ್ಲವೆಂದಾದರೆ ಎಎ ಸೆಲ್ಲುಗಳನ್ನು ರೋಬೋಟಿನಿಂದಲೂ ರಿಮೋಟಿನಿಂದಲೂ ಹೊರತೆಗೆದಿಡಬೇಕು. ಲಿಥಿಯಂ ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜ್ ಇರುವಂತೆ ತಂಪಾದ ಒಣ ಜಾಗದಲ್ಲಿ ಇಡಬೇಕು. ಊದಿದ ಅಥವಾ ಕೆಟ್ಟ ಬ್ಯಾಟರಿಯನ್ನು ಚುಚ್ಚದೆ, ಮನೆಯ ಕಸಕ್ಕೆ ಸೇರಿಸದೆ, ಅದರ ಲೋಹದ ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.